ಶಿವಬಸಮ್ಮನವರ ಮಧ್ಯಾಹ್ನದ ಗುಳಿಗೆ

ಅಮೆರಿಕದ ಅಟ್ಲಾಂಟಾ ನಗರದ ಹೊರವಲಯ ಅಲ್ಫರೆಟಾದಲ್ಲಿರುವ ಡಾ. ಮಹಾಂತಪ್ಪನವರ ಮನೆಯ ಅಡುಗೆಕೋಣೆಗೆ ಹನ್ನೊಂದು ವರ್ಷಗಳಲ್ಲಿ ಒಂದು ಮೊಟ್ಟೆಯೂ ಬಂದಿರಲಿಲ್ಲ. ಆ ಮನೆಯ ನೆಲಮಾಳಿಗೆಯ ಕೋಣೆ ಲೀಯಾ ಪ್ಲಾಟ್ಕಿನ್‌ಗೆ ಸಿಕ್ಕಿದ್ದು ಆ ಕಾರಣದಿಂದಲೇ.

ಲೀಯಾ ಇಪ್ಪತ್ತೆಂಟು ವರ್ಷದ ರಬ್ಬಿ, ಅಂದರೆ ಯಹೂದಿಗಳ ಧರ್ಮಗುರು. ನ್ಯೂಯಾರ್ಕಿನಲ್ಲಿ ಓದು ಮುಗಿಸಿ, 1996ರ ಆಗಸ್ಟಿನಲ್ಲಿ, ಅಟ್ಲಾಂಟಾದ ಒಲಿಂಪಿಕ್ಸ್ ಮುಗಿದ ಮರುವಾರ, ಮೊದಲ ಕೆಲಸಕ್ಕೆ ಬಂದಿದ್ದಳು. ತೊಂಬತ್ತು ಕುಟುಂಬಗಳ ಚಿಕ್ಕ ಸಭೆ. ಹಿಂದೆ ಬ್ಯಾಂಕಾಗಿದ್ದ ಕಟ್ಟಡದಲ್ಲಿ ಅವರ ಪ್ರಾರ್ಥನೆ. ಕರಾರು ಒಂದು ವರ್ಷದ್ದು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ಸಭೆಯ ಸಮಿತಿ ಜನವರಿಯಲ್ಲಿ ತೀರ್ಮಾನಿಸುವುದಿತ್ತು.

ಅವಳ ಧರ್ಮದ ನಿಯಮದಂತೆ ಮಾಂಸ ಮತ್ತು ಹಾಲು ಒಂದೇ ಪಾತ್ರೆಗೆ ಬೀಳಬಾರದು, ಹಂದಿಯಂತೂ ಮನೆಯೊಳಗೇ ಬರಬಾರದು. ಬಾಡಿಗೆ ಮನೆಗಳ ಒಲೆಯ ಮೇಲೆ ಹಿಂದಿನವರು ಏನು ಬೇಯಿಸಿದ್ದರೋ ತಿಳಿಯುವುದಿಲ್ಲ. ಮಹಾಂತಪ್ಪನವರ ಕ್ಲಿನಿಕ್ಕಿನ ಪಾಲುದಾರ ಆ ಸಭೆಯ ಸದಸ್ಯ. "ನಿಮ್ಮಲ್ಲಿ ಮಾಂಸ ಬೇಯಿಸುವುದಿಲ್ಲವಲ್ಲ, ಕೆಳಗೆ ಒಂದು ಕೋಣೆಯೂ ಖಾಲಿ ಇದೆ" ಎಂದು ಅವನೇ ಕೇಳಿದ. ಮನೆಯಿಂದ ಪ್ರಾರ್ಥನಾ ಮಂದಿರಕ್ಕೆ ಒಂದು ಮೈಲಿ. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ, ಅಂದು ಲೀಯಾ ಕಾರು ಮುಟ್ಟುತ್ತಿರಲಿಲ್ಲ. ಕಾಲುದಾರಿ ಇಲ್ಲದ ರಸ್ತೆಯ ಪಕ್ಕದ ಹುಲ್ಲಿನ ಮೇಲೆ ನಡೆದು ಹೋಗುತ್ತಿದ್ದಳು. ಕಾರು ಕೆಟ್ಟಿರಬೇಕೆಂದು ಜನ ನಿಲ್ಲಿಸಿ ಹತ್ತಿಸಿಕೊಳ್ಳಲು ನೋಡುತ್ತಿದ್ದರು.

ಮನೆ ನೋಡಲು ಬಂದ ದಿನ ಅವಳು ಅಡುಗೆಕೋಣೆಯಲ್ಲಿ ನಿಂತು, ಈ ಪಾತ್ರೆಗಳಲ್ಲಿ ಎಂದಾದರೂ ಮಾಂಸ ಬೆಂದಿದೆಯೇ ಎಂದು ಕೇಳಿದಳು. ಮಹಾಂತಪ್ಪನವರ ಹದಿನಾರು ವರ್ಷದ ಮಗಳು ಮಾನ್ಯಾ ಅದನ್ನು ಅಜ್ಜಿಗೆ ತನ್ನ ಕನ್ನಡದಲ್ಲಿ ಹೇಳಿದಳು.

ಅಜ್ಜಿ ಶಿವಬಸಮ್ಮನವರಿಗೆ ಎಪ್ಪತ್ತನಾಲ್ಕು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ನರಗುಂದದಲ್ಲಿ ಮಠಪತಿಯಾಗಿದ್ದ ಗಂಡ ತೀರಿಕೊಂಡ ಮೇಲೆ ಮಗಳು ಶೈಲಜಾ ಮೂರು ವರ್ಷದ ಹಿಂದೆ ಅವರನ್ನು ಇಲ್ಲಿಗೆ ಕರೆಸಿಕೊಂಡಿದ್ದರು. ಅಳಿಯ ಮಹಾಂತಪ್ಪ ಬೇರೆಯವರಲ್ಲ, ಅವರ ತಮ್ಮನ ಮಗನೇ. ಹೈಸ್ಕೂಲು ಓದಿದ್ದು ಇವರ ಮನೆಯಲ್ಲಿ, ಇವರ ಕೈಯ ರೊಟ್ಟಿ ಉಂಡು.

"ನಮ್ಮ ಪಾತ್ರಿ ಬಗ್ಗೆ ಹಿಂಗ್ ಕೇಳಾಕ ಎಷ್ಟ್ ಧೈರ್ಯ ನೋಡ ಆಕಿಗೆ" ಎಂದರು ಶಿವಬಸಮ್ಮ. ಸ್ವಲ್ಪ ಹೊತ್ತು ನೋಡಿ, "ಕೇಳಿದ್ದು ಚಲೋನ ಆತು. ನಾನೂ ಮಂದಿ ಮನ್ಯಾಗ ಕೇಳೇ ಉಣ್ತೀನಿ" ಎಂದು ಒಂದು ಕಪಾಟು ಬಿಟ್ಟುಕೊಟ್ಟರು. ಮೊಟ್ಟೆ ತರಬಾರದೆಂಬ ಒಂದೇ ಷರತ್ತು. ವಾರದೊಳಗೆ ಅವಳು ಅವರ ಬಾಯಲ್ಲಿ ಲೀಯವ್ವ ಆದಳು.

ಕೆಲಸದ ಕಡೆ ಅಷ್ಟು ಸಲೀಸಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಹೈಮನ್ ಲೆವಿಟ್ ಎಂಬ ಎಪ್ಪತ್ತೆರಡರ ಮುದುಕರು, ಒಂದು ಕಾಲದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದವರು, ಫೋನು ಮಾಡಿದ್ದರು. ಹೃದಯದ ಕವಾಟ ಬದಲಿಸಬೇಕಂತೆ, ಹಂದಿಯ ಕವಾಟ ಹಾಕುತ್ತಾರಂತೆ, ಆಗಬಹುದೇ? ಲೀಯಾಗೆ ಉತ್ತರ ಬಾಯಿಪಾಠ. ನಿಷೇಧ ಇರುವುದು ತಿನ್ನುವುದಕ್ಕೆ, ಜೀವ ಉಳಿಸುವುದಕ್ಕಲ್ಲ. ಧಾರಾಳವಾಗಿ ಹಾಕಿಸಿಕೊಳ್ಳಿ ಎಂದಳು. ಲೆವಿಟ್ ಥ್ಯಾಂಕ್ಸ್ ಹೇಳಿ ಫೋನಿಟ್ಟರು. ಅಕ್ಟೋಬರ್ ಮುಗಿಯುತ್ತ ಬಂದರೂ ಶಸ್ತ್ರಚಿಕಿತ್ಸೆಗೆ ಒಪ್ಪಿ ಆಸ್ಪತ್ರೆಗೆ ತಾರೀಖು ಕೊಡಲಿಲ್ಲ. "ರಬ್ಬಿ ಒಂದೇ ನಿಮಿಷದಲ್ಲಿ ಮುಗಿಸಿಬಿಟ್ಟರು" ಎಂದು ಅವರ ಮಗಳು ಸಮಿತಿಯ ಅಧ್ಯಕ್ಷರ ಹತ್ತಿರ ಹೇಳಿದಳು.

ಹೊಸ ರಬ್ಬಿಗಳಿಗೆ ಒಬ್ಬ ಹಿರಿಯರನ್ನು ಗೊತ್ತು ಮಾಡುವ ಪದ್ಧತಿ ಇದೆ. ಲೀಯಾಗೆ ಸಿಕ್ಕವರು ಅಟ್ಲಾಂಟಾದ ಒಬ್ಬ ನಿವೃತ್ತ ರಬ್ಬಿ. ಪ್ರತಿ ಗುರುವಾರ ಅವರಿಗೆ ಫೋನು.

"ಲೆವಿಟ್ ಏನು ಕೇಳಿದರು?" ಎಂದರು ಹಿರಿಯರು.

"ಹಂದಿಯ ಕವಾಟ ಆಗುತ್ತದೆಯೇ ಅಂತ."

"ಅದು ನೀನು ಉತ್ತರ ಕೊಟ್ಟದ್ದು. ಅವರು ಕೇಳಿದ್ದೇನು?"

ಲೀಯಾ ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅರ್ಥ ಮಾತ್ರ ಆಗಲಿಲ್ಲ.

ನವೆಂಬರ್ 3, ಭಾನುವಾರ. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು. ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಬೇಡುವ ಹ್ಯಾಲೊವೀನ್ ಹಬ್ಬ ಮುಗಿದು ಮೂರು ದಿನವಾಗಿತ್ತು. ಮಾನ್ಯಾ ತನ್ನ ಮಿಠಾಯಿ ಚೀಲವನ್ನು ಊಟದ ಮೇಜಿನ ಮೇಲೆ ಸುರಿದಳು.

"ಲೀಯಾ, ಇದರಲ್ಲಿ ಯಾವ್ದು ನಿಮಗೆ ಓಕೆ?"

ಲೀಯಾ ಒಂದೊಂದೇ ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದಿದಳು. "ಇದು ಆಗುತ್ತೆ. ಇದೂ ಆಗುತ್ತೆ. ಈ ಕರಡಿ ಆಕಾರದ ಜೆಲ್ಲಿಗಳು ಆಗಲ್ಲ. ಜೆಲಟಿನ್."

"ಅಂದ್ರೆ?"

"ಹಂದಿಯ ಚರ್ಮ, ದನದ ಮೂಳೆ. ಬೇಯಿಸಿ ತೆಗೆಯುತ್ತಾರೆ."

ಮಾನ್ಯಾ ಬಾಯಲ್ಲಿದ್ದ ಕರಡಿಯನ್ನು ಟಿಶ್ಯೂಗೆ ಉಗಿದಳು. "ಫಿಫ್ತ್ ಗ್ರೇಡ್‌ನಿಂದ ತಿಂತಾ ಇದೀನಿ ನಾನು."

"ಏನಂತಾಳ ಆಕಿ?" ಶಿವಬಸಮ್ಮ ಕೇಳಿದರು.

"ಅಜ್ಜಿ, ಈ ಕ್ಯಾಂಡಿಯಲ್ಲಿ ಪಿಗ್ ಇದೆ. ಹಂದಿ. ಹಂದಿ ಸ್ಕಿನ್."

"ಹೊರಗ ಒಗಿ ಅದನ್ನ. ಕೈ ತೊಳಕೊಂಡು ಬಾ."

ಶಿವಬಸಮ್ಮನವರು ಆಗಲೇ ಗುಳಿಗೆಯ ಡಬ್ಬಿ ತೆರೆದು, ರಕ್ತದೊತ್ತಡ ಮತ್ತು ಎದೆನೋವಿಗೆಂದು ದಿನವೂ ಮಧ್ಯಾಹ್ನ ನುಂಗುವ ಬಿಳಿ-ನೀಲಿ ಕ್ಯಾಪ್ಸೂಲನ್ನು ಅಂಗೈಗೆ ಹಾಕಿಕೊಂಡಿದ್ದರು. ಲೀಯಾ ಅದನ್ನು ನೋಡಿದಳು.

"ಆ ಕ್ಯಾಪ್ಸೂಲಿನ ಹೊರಗಿನ ಕವಚವೂ ಅದರದ್ದೇ," ಎಂದಳು. "ಆದರೆ ಅದು ಔಷಧ. ಔಷಧಕ್ಕೆ ನಮ್ಮಲ್ಲೂ ತಡೆಯಿಲ್ಲ. ಅವರೇನೂ ಚಿಂತೆ ಮಾಡಬೇಕಾಗಿಲ್ಲ ಅಂತ ಹೇಳು."

ಸಮಾಧಾನದ ಮಾತು ಹೇಳಿದೆನೆಂದೇ ಅವಳು ತಿಳಿದಿದ್ದಳು. ಮಹಾಂತಪ್ಪನವರು ತಲೆ ಎತ್ತಿದರು. "ಮಾನ್ಯಾ, ಅದನ್ನ ಹೇಳಬ್ಯಾಡ."

"ಯಾವುದನ್ನ ಹೇಳಬ್ಯಾಡ?" ಎಂದರು ಶಿವಬಸಮ್ಮ.

ಶಿವಬಸಮ್ಮನವರು ಮೊಮ್ಮಗಳ ಕಡೆ ತಿರುಗಿದರು.

"ಮಾನ್ಯಾ, ಹೇಳವ್ವಾ."

ಮಾನ್ಯಾ ಅಪ್ಪನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಎಲ್ಲವನ್ನೂ ಹೇಳಿದಳು. ಶಿವಬಸಮ್ಮನವರು ಕ್ಯಾಪ್ಸೂಲನ್ನು ತಟ್ಟೆಯ ಅಂಚಿಗೆ ಇಟ್ಟರು.

"ಮಾಂತ್ಯಾ, ನಿನಗ ಗೊತ್ತಿತ್ತೇನು?"

"ಅತ್ತಿ, ಅದು ಔಷಧ. ಔಷಧಕ್ಕ—"

"ಗೊತ್ತಿತ್ತೇನಂತ ಕೇಳಿದೆ."

"ಡಾಕ್ಟರ್ ಅಂದ ಮ್ಯಾಲ ಗೊತ್ತಿರಲಾರದ ಇರತೈತೇನು?"

"ಮೂರು ವರ್ಷ," ಎಂದರು ಶಿವಬಸಮ್ಮ. "ದಿನಾ ಪೂಜಾ ಮಾಡಿದ ಕೈಯಿಂದನ ಅದನ್ನ ನುಂಗೀನಿ."

ಅರ್ಧ ಉಳಿದ ರೊಟ್ಟಿಯ ಮೇಲೆ ತಟ್ಟೆ ಮುಚ್ಚಿ ಎದ್ದು ಹೋದರು.

ಪಾತ್ರೆ ತೊಳೆಯುವಾಗ ಶೈಲಜಾ ಗಂಡನ ಮೇಲೆ ಸಿಟ್ಟಾದರು. "ಮೊದಲ ದಿನಾನ ಹೇಳಿದ್ರ ಏನಾಗತಿತ್ತು ನಿಮಗ? ಬ್ಯಾರೆ ಗುಳಿಗಿ ಇರಲಿಲ್ಲೇನು?"

"ಇತ್ತು. ದಿನಾ ನಾಕ ಸಲ ತಗೋಬೇಕು. ಇದು ಒಂದ ಸಲ. ನಾಕ ಸಲ ಯಾರು ನೆನಪು ಮಾಡಿ ಕೊಡತಿದ್ರು, ನೀನು ಲೈಬ್ರರಿ ಕೆಲಸ ಬಿಟ್ಟು ಬಂದು ಕೊಡತಿದ್ದೇನು?"

"ಕೇಳಬೇಕಾಗಿತ್ತು ನನ್ನ."

"ನಾ ಹೇಳಲಿಲ್ಲ, ಸರಿ. ಆದರ ಆಕಿಗೆ ಯಾರು ಹೇಳಂದ್ರು?" ಮಹಾಂತಪ್ಪ ನೆಲಮಾಳಿಗೆಯ ಮೆಟ್ಟಿಲಿನತ್ತ ಕೈ ಮಾಡಿದರು. "ಮಿಠಾಯಿ ಓದಾಕ ಕೊಟ್ರ ಔಷಧಾನೂ ಓದಿಬಿಟ್ಲು."

ಅಂದಿನಿಂದ ಶಿವಬಸಮ್ಮ ಗುಳಿಗೆ ನಿಲ್ಲಿಸಿದರು. ಊಟ ಮಾಡುತ್ತಿದ್ದರು, ಟಿವಿ ನೋಡುತ್ತಿದ್ದರು, ಬಟ್ಟೆ ಮಡಿಸುತ್ತಿದ್ದರು. ಗುಳಿಗೆ ಮಾತ್ರ ಇಲ್ಲ. ರಕ್ತದೊತ್ತಡ ನೋಡಲು ಅಳಿಯನಿಗೆ ಕೈ ಕೊಡುತ್ತಿರಲಿಲ್ಲ. ಶೈಲಜಾ ಪಟ್ಟಿ ಕಟ್ಟಿ, ಮಾನ್ಯಾ ಅಂಕಿ ಓದಿ, ಮಹಾಂತಪ್ಪನವರು ಬಾಗಿಲಾಚೆ ನಿಂತು ಕೇಳಿಸಿಕೊಳ್ಳಬೇಕಿತ್ತು. ಮೊದಲು 142ಕ್ಕೆ 84 ಇದ್ದದ್ದು ಶುಕ್ರವಾರದ ಹೊತ್ತಿಗೆ 168ಕ್ಕೆ 96.

ಲೀಯಾ ಎರಡನೆಯ ದಿನವೇ ಕ್ಷಮೆ ಕೇಳಲು ಹೋದಳು. ಅದನ್ನೂ ತನ್ನ ರೀತಿಯಲ್ಲೇ ಮಾಡಿದಳು. ಔಷಧಕ್ಕೆ ಏಕೆ ತಡೆಯಿಲ್ಲವೆಂಬುದಕ್ಕೆ ನಾಲ್ಕು ಕಾರಣಗಳನ್ನು ಬೆರಳು ಮಡಿಸಿ ಎಣಿಸಿದಳು. ಮಾನ್ಯಾ ಎರಡಕ್ಕೇ ಸುಸ್ತಾದಳು.

"ಅಜ್ಜಿ, ಅವರ ಬುಕ್‌ನಲ್ಲಿ ಓಕೆ ಅಂತ ಇದೆ. ಫೋರ್ ರೀಸನ್ಸ್."

"ಆಕಿ ಪುಸ್ತಕದಾಗ ಐತಿ, ಚಲೋ ಆತು," ಎಂದರು ಶಿವಬಸಮ್ಮ. "ಬಾಯಿ ನಂದು."

ನವೆಂಬರ್ 10ರಂದು ದೀಪಾವಳಿ. ಶಿವಬಸಮ್ಮನವರೇ ಕರ್ಚಿಕಾಯಿಗೆ ಹಿಟ್ಟು ನಾದಿದರು. ಹನ್ನೆರಡನೆಯದನ್ನು ಲಟ್ಟಿಸುವಾಗ ಲಟ್ಟಣಿಗೆ ಬಿಟ್ಟು ಕುರ್ಚಿಯ ಮೇಲೆ ಕುಳಿತರು. ಉಸಿರು ಸಾಲುತ್ತಿರಲಿಲ್ಲ. ಮಹಾಂತಪ್ಪನವರು ಹೊಸ ಬಾಟಲಿ ತಂದು ಅವರ ಮುಂದಿಟ್ಟರು. ಕ್ಯಾಪ್ಸೂಲಲ್ಲ, ಒತ್ತಿ ಮಾಡಿದ ಗಟ್ಟಿ ಮಾತ್ರೆ. ಔಷಧ ಅದೇ.

"ಅತ್ತಿ, ಇದರಾಗ ಜೆಲಟಿನ್ ಇಲ್ಲ. ದಿನಾ ನಾಕ ಸಲ ಅಷ್ಟ."

"ಮತ್ತೇನೈತಿ ಇದರಾಗ?"

"ಏನೂ ಇಲ್ಲ."

"ಅದರಾಗೂ ಏನೂ ಇಲ್ಲಂತನ ಕೊಟ್ಟಿದ್ದಿ," ಎಂದು ಅವರು ಬಾಟಲಿಯನ್ನು ಮೇಜಿನ ಆ ತುದಿಗೆ ಸರಿಸಿದರು.

ಮರುದಿನ ಶೈಲಜಾ ಪತ್ರಿಕೆಯ ಬಾಡಿಗೆ ಮನೆಗಳ ಪುಟವನ್ನು ಲೀಯಾಳ ಕಪಾಟಿನ ಕೆಳಗೆ ಮಡಿಸಿಟ್ಟರು. "ನಿನ್ನ ಮೇಲೆ ಕೋಪವಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಆದರೆ ಅಮ್ಮನಿಗೆ ನಿನ್ನನ್ನು ನೋಡಿದಾಗಲೆಲ್ಲ ಅದೇ ನೆನಪು. ಡಿಸೆಂಬರ್ ಕೊನೆಯೊಳಗೆ ಬೇರೆ ಕಡೆ ನೋಡಿಕೊಂಡರೆ ಒಳ್ಳೆಯದು."

ಲೀಯಾ ಆಗಲಿ ಎಂದಳು. ಬೇರೆ ಅಡುಗೆಕೋಣೆ ಎಲ್ಲಿ ಸಿಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಜನವರಿಯ ತೀರ್ಮಾನವೇ ಗೊತ್ತಿಲ್ಲದಿರುವಾಗ ಹುಡುಕುವ ಅರ್ಥವೂ ತಿಳಿಯಲಿಲ್ಲ.

ಗುರುವಾರ ಅವಳು ಹಿರಿಯ ರಬ್ಬಿಗೆ ಎಲ್ಲವನ್ನೂ ಹೇಳಿದಳು. ಅವರು ತುಸು ಹೊತ್ತು ಕೆಮ್ಮಿದರು.

"ಕ್ಯಾಪ್ಸೂಲಿನ ಬಗ್ಗೆ ನಿನ್ನನ್ನು ಯಾರು ಕೇಳಿದರು?"

"ಯಾರೂ ಕೇಳಲಿಲ್ಲ."

"ಈಗ ಆಕೆ ಏನು ಕೇಳುತ್ತಿದ್ದಾರೆ?"

"ಗೊತ್ತಿಲ್ಲ."

"ಹಾಗಾದರೆ ಹೋಗಿ ಕೂತುಕೋ. ಪುಸ್ತಕ ಒಯ್ಯಬೇಡ."

ಭಾನುವಾರ ಮಧ್ಯಾಹ್ನ ಲೀಯಾ ಮಂದಿರದಲ್ಲಿ ಮಕ್ಕಳ ಪಾಠ ಮುಗಿಸಿ ಬಂದಾಗ ಶಿವಬಸಮ್ಮನವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಡಿಕೇಟರಿನ ಇಂಡಿಯನ್ ಅಂಗಡಿಯಿಂದ ತಂದ ಆರು ಕಟ್ಟು. ಲೀಯಾ ಎದುರು ಕುಳಿತು ಒಂದು ಕಟ್ಟು ಬಿಚ್ಚಿದಳು. ಮಾನ್ಯಾ ಅಲ್ಲೇ ಹೋಂವರ್ಕ್ ಹರಡಿಕೊಂಡಿದ್ದಳು. ಮೂರು ಕಟ್ಟು ಮುಗಿದವು. ಲೀಯಾ ಬಾಯಿ ತೆರೆಯಲಿಲ್ಲ. ಇದು ಅವಳಿಗೆ ಸುಲಭವಾಗಿರಲಿಲ್ಲ.

"ದಂಟು ಹಾಕಬ್ಯಾಡ ಅನ್ನು ಆಕಿಗೆ," ಎಂದರು ಶಿವಬಸಮ್ಮ ಕೊನೆಗೆ. "ಕಹಿ ಆಗತೈತಿ."

ಮಾನ್ಯಾ ಹೇಳಿದಳು. ಲೀಯಾ ದಂಟು ಬೇರೆ ಮಾಡಿದಳು.

"ಆಕಿ ಮಿಠಾಯಿ ಚೀಟಿ ಓದಿದ್ಲಲ್ಲ, ಔಷಧದ್ದೂ ಓದಾಕ ಬರತೈತೇನು?"

"ಬರುತ್ತೆ ಅಂತಾರೆ ಅಜ್ಜಿ."

"ಹಂಗಾರ ಮಾಂತ್ಯಾ ತಂದ ಆ ಹೊಸ ಗುಳಿಗ್ಯಾಗ ಏನೇನು ಐತಿ, ಎಲ್ಲಾ ಓದಿ ಹೇಳಾಕ ಹೇಳು. ಚಲೋದು ಅಷ್ಟ ಅಲ್ಲ. ಒಂದೂ ಬಿಡಬಾರದು. ನೀನೂ ಬಿಡಬಾರದು. ಹೋದ ಸಲ ಫೋರ್ ಫೋರ್ ಅಂದು ಎರಡ ಹೇಳಿದಿ."

ಮಾನ್ಯಾ ಪೆನ್ನು ಕಚ್ಚಿದಳು. "ನಿಮಗೆ ಹೇಗೆ ಗೊತ್ತು?"

"ಆಕಿ ನಾಕ ಬೆರಳು ಮಡಚಿದ್ಲು. ನಾ ಕುರುಡಿ ಅಲ್ಲ."

ಲೀಯಾ ಮೂರು ದಿನ ಅದೇ ಕೆಲಸ ಮಾಡಿದಳು. ಬಾಟಲಿಯೊಂದಿಗೆ ಬಂದ, ಎಂಟು ಮಡಿಕೆಯ ಕಾಗದವನ್ನು ಭೂತಗನ್ನಡಿ ಹಿಡಿದು ಓದಿದಳು. ಔಷಧ ಬಿಟ್ಟು ಒಂಬತ್ತು ಪದಾರ್ಥ. ಮಹಾಂತಪ್ಪನವರನ್ನು ಕೇಳಿದಳು. ಅವರು ಐದರ ಬಗ್ಗೆ ಹೇಳಿದರು, ಉಳಿದದ್ದು ಔಷಧ ಅಂಗಡಿಯವರಿಗೂ ಗೊತ್ತಿರಲಿಲ್ಲ. ಯಹೂದಿ ಆಹಾರನಿಯಮಗಳ ಪರಿಶೀಲನೆ ಮಾಡುವ ಕಚೇರಿಯಲ್ಲಿದ್ದ ನ್ಯೂಯಾರ್ಕಿನ ಸಹಪಾಠಿಗೆ ಫೋನು ಮಾಡಿದಳು. ಅಲ್ಲಿಂದ ಎರಡಕ್ಕೆ ಉತ್ತರ ಸಿಕ್ಕಿತು. ತಯಾರಕರ ಉಚಿತ ನಂಬರಿಗೆ ಸೋಮವಾರ ಎರಡು ಸಲ, ಮಂಗಳವಾರ ಮೂರು ಸಲ ಫೋನು ಹಚ್ಚಿ, ಒಂದು ಸಲ ನಲವತ್ತು ನಿಮಿಷ ಸಂಗೀತ ಕೇಳುತ್ತ ಕಾದಳು.

ಬುಧವಾರ, ನವೆಂಬರ್ 20, ಬೆಳಿಗ್ಗೆ ಹತ್ತೂಕಾಲಿಗೆ ಶಿವಬಸಮ್ಮನವರು ಒಗೆದ ಬಟ್ಟೆಯ ಬುಟ್ಟಿ ಹೊತ್ತು ನೆಲಮಾಳಿಗೆಯಿಂದ ಹತ್ತುತ್ತಿದ್ದವರು ಆರನೆಯ ಮೆಟ್ಟಿಲಲ್ಲಿ ಕುಳಿತುಬಿಟ್ಟರು. ಮನೆಯಲ್ಲಿದ್ದವಳು ಲೀಯಾ ಒಬ್ಬಳೇ. ಎದೆ ಒತ್ತುತ್ತಿದೆ ಎಂಬುದನ್ನು ಅವರು ಕೈಯಲ್ಲೇ ತೋರಿಸಿದರು. ಅಂಥ ಹೊತ್ತಿಗೆಂದು ಇಟ್ಟಿದ್ದ, ನಾಲಿಗೆಯ ಕೆಳಗಿಡುವ ಸಣ್ಣ ಮಾತ್ರೆಯನ್ನು ಲೀಯಾ ತಂದಳು. ಅವರು ತುಟಿ ಬಿಗಿದರು. ಲೀಯಾ ತುರ್ತು ಸಂಖ್ಯೆ 911ಕ್ಕೆ ಫೋನು ಮಾಡಿ, ಆಮೇಲೆ ಕ್ಲಿನಿಕ್ಕಿಗೂ ಮಾಡಿ, ಬಂದು ಅದೇ ಮೆಟ್ಟಿಲಲ್ಲಿ ಅವರ ಪಕ್ಕ ಕುಳಿತಳು. ಅವರು ಅವಳ ಮೊಣಕೈ ಹಿಡಿದುಕೊಂಡರು. ಗಡಿಯಾರದಲ್ಲಿ ಹನ್ನೊಂದು ನಿಮಿಷ. ಆಂಬುಲೆನ್ಸ್ ಬರುವಷ್ಟರಲ್ಲಿ ನೋವು ತಾನಾಗಿ ಇಳಿದಿತ್ತು.

ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯಲ್ಲಿ ಹೊಸ ಬದಲಾವಣೆ ಏನೂ ಇರಲಿಲ್ಲ. ರಕ್ತದೊತ್ತಡ 182ಕ್ಕೆ 104. ಸಂಜೆ ನಾಲ್ಕಕ್ಕೆ ಮನೆಗೆ ಕಳುಹಿಸಿದರು. "ಮುಂದಿನ ಸಲವೂ ತಾನಾಗಿ ಇಳಿಯುತ್ತದೆಂದು ನಾನು ಹೇಳಲಾರೆ" ಎಂದರು ಹೃದಯದ ವೈದ್ಯರು.

ಅಡುಗೆಕೋಣೆಯಲ್ಲಿ ಮಹಾಂತಪ್ಪನವರ ದನಿ ಏರಿತು. "ಅತ್ತಿ, ಇವತ್ತ ನೀವು ಸಾಯತಿದ್ರಿ. ಒಂದು ಚೂರು ಚರ್ಮದ ಸಲುವಾಗಿ."

"ಚರ್ಮದ ಸಲುವಾಗಿ ಅಲ್ಲ," ಎಂದರು ಶಿವಬಸಮ್ಮ.

"ಮತ್ತ ಯಾತರ ಸಲುವಾಗಿ?"

ಅವರು ಲೀಯಾಳ ಕಡೆ ತಿರುಗಿದರು. "ಎಲ್ಲಿಗೆ ಬಂತು ನಿನ್ನ ಓದೂದು?"

ಮಾನ್ಯಾ ಹೇಳಿದ ಮೇಲೆ ಲೀಯಾ ನೋಟ್‌ಬುಕ್ಕಿನ ಹಾಳೆ ತಂದಳು. ಎಲ್ಲರೂ ಮೇಜಿಗೆ ಕುಳಿತರು. ಅವಳು ಒಂದೊಂದಾಗಿ ಓದಿದಳು, ಮಾನ್ಯಾ ಒಂದೊಂದಾಗಿ ಹೇಳಿದಳು. ಹಾಲಿನ ಸಕ್ಕರೆ. ಮರದ ನಾರಿನ ಪುಡಿ, ಎರಡು ಬಗೆ. ಜೋಳದ ಹಿಟ್ಟು.

"ನಮ್ಮ ಜೋಳಾನ?"

"ಇಲ್ಲ ಅಜ್ಜಿ, ಮೆಕ್ಕೆಜೋಳ. ಕಾರ್ನ್."

ಒಂದು ಮೇಣ, ಎಲೆಗಳಿಂದ ತೆಗೆದದ್ದು. ಹಳದಿ ಬಣ್ಣ, ಬಿಳಿ ಬಣ್ಣ, ಎರಡೂ ಪ್ರಾಣಿಯದ್ದಲ್ಲ. ಎಂಟನೆಯದು, ಮಾತ್ರೆ ಪುಡಿಯಾಗದಂತೆ ಹಾಕುವ ಗೋಂದಿನಂಥದ್ದು, ಅದೂ ಗಿಡದ್ದೇ. ಲೀಯಾ ಒಂಬತ್ತನೆಯದರ ಮೇಲೆ ಬೆರಳಿಟ್ಟಳು.

"ಇದು ಕೊಬ್ಬಿನಿಂದ ಮಾಡಿದ ಪುಡಿ. ಯಂತ್ರಕ್ಕೆ ಹಿಡಿಯದಿರಲೆಂದು ಒಂದು ಚಿಟಿಕೆ ಹಾಕುತ್ತಾರೆ. ಕೊಬ್ಬು ತಾಳೆ ಎಣ್ಣೆಯದ್ದೂ ಇರಬಹುದು, ದನದ್ದೂ ಇರಬಹುದು. ಬೇರೆ ಬೇರೆ ಕಡೆಯಿಂದ ತರಿಸುತ್ತೇವೆ, ಈ ಬಾಟಲಿಯದ್ದು ಯಾವುದೆಂದು ಹೇಳಲಾಗುವುದಿಲ್ಲ ಎಂದರು. ಮೂರು ಸಲ ಕೇಳಿದೆ. ನನಗೆ ಗೊತ್ತಿಲ್ಲ."

ಮಹಾಂತಪ್ಪನವರು ಕಣ್ಣು ಮುಚ್ಚಿಕೊಂಡರು. ಶೈಲಜಾ, "ಇದನ್ನೊಂದು ಬಿಟ್ಟಿದ್ದರಾಗುತ್ತಿರಲಿಲ್ಲವೇ" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಮಾನ್ಯಾ ತಾಯಿಯನ್ನು ನೋಡಿ, ಅಜ್ಜಿಯ ಕಡೆ ತಿರುಗಿ, ಕೊಬ್ಬು, ತಾಳೆ, ದನ, ಮೂರು ಸಲ ಕೇಳಿದ್ದು, ಎಲ್ಲವನ್ನೂ ಹೇಳಿದಳು.

"ಗೊತ್ತಿಲ್ಲ ಅಂದ್ಲೇನು?"

"ಹೌದು. ಐ ಡೋಂಟ್ ನೋ ಅಂದ್ರು."

"ಆಕಿ ಆಗಿದ್ರ ಏನ್ ಮಾಡತಿದ್ಲಂತ ಕೇಳು."

"ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ," ಎಂದಳು ಲೀಯಾ. ಅದರ ಹಿಂದೆ ಬರಬೇಕಿದ್ದ ನಾಲ್ಕು ಕಾರಣಗಳು ಅವಳ ಬಾಯಿಗೆ ಬಂದವು. ಅವಳು ಅಷ್ಟಕ್ಕೇ ನಿಲ್ಲಿಸಿದಳು.

ಶಿವಬಸಮ್ಮನವರು ಬಾಟಲಿಯನ್ನು ಹತ್ತಿರ ಎಳೆದುಕೊಂಡರು. ಮಕ್ಕಳು ತೆರೆಯಬಾರದೆಂದು ಮಾಡಿದ ಮುಚ್ಚಳ ಅವರಿಗೆ ಬಿಚ್ಚಲಾಗಲಿಲ್ಲ. ಅಳಿಯನ ಮುಂದೆ ಹಿಡಿದರು, ಕೈ ಬಿಡಲಿಲ್ಲ.

"ಮಾಂತ್ಯಾ, ಈಕಿ ಬ್ಯಾರೆ ಮಂದಿ. ತನಗ ತಿಳೀಲಾರದ್ದನ್ನ ತಿಳೀಲಿಲ್ಲ ಅಂದ್ಲು. ನೀ ನನ್ನ ಮನ್ಯಾಗ ಉಂಡು ಬೆಳೆದಾಂವ. ತಿಳಿದದ್ದನ್ನೂ ಹೇಳಲಿಲ್ಲ."

ಮಹಾಂತಪ್ಪನವರಿಗೆ ಐವತ್ತೆರಡು ವರ್ಷ. ಮಗಳ ಮುಂದೆ, ಬಾಡಿಗೆಯವಳ ಮುಂದೆ ಕುಳಿತಿದ್ದರು.

"ನೀವು ಗುಳಿಗಿ ಬಿಡತೀರಿ ಅಂತ ಹೆದರಿ ಹೇಳಲಿಲ್ಲ. ತಪ್ಪಾತು ಅತ್ತಿ."

"ಹೇಳಿದ್ರ ನಾಕ ದಿನ ಬೈತಿದ್ದೆ. ಆಮ್ಯಾಲ ಇದನ್ನ ತಗೋತಿದ್ದೆ." ಬಾಟಲಿಯ ಮೇಲಿನ ಕೈ ಸಡಿಲಿಸಿದರು. "ತಗಿ ಇದನ್ನ. ಮಾನ್ಯಾ, ನೀರು ತಾ."

"ಮತ್ತೆ ಆ ನೈನ್ತ್ ಒನ್, ಅಜ್ಜಿ?"

"ಅದನ್ನ ನಾ ನೋಡಕೋತೀನಿ." ಕೊರಳಿನ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿದರು. "ಮುಂಜಾನೆ 'ಅವನಿಗೂ' ಹಿಂಗ ಹೇಳತೀನಿ. ಗೊತ್ತಾಗಲಿಲ್ಲಪಾ, ನುಂಗೀನಿ ಅಂತ."

ಮಾತ್ರೆ ಒಳಗೆ ಹೋಯಿತು. ಶೈಲಜಾ ಎದ್ದು, ಯಾರ ಮುಖವನ್ನೂ ನೋಡದೆ, ಅನ್ನಕ್ಕಿಟ್ಟರು.

ನಾಲ್ಕು ಹೊತ್ತಿನ ವ್ಯವಸ್ಥೆ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಬೆಳಿಗ್ಗೆ ಏಳಕ್ಕೆ ಮಹಾಂತಪ್ಪ, ಹನ್ನೆರಡಕ್ಕೆ ಲೀಯಾ, ಐದಕ್ಕೆ ಮಾನ್ಯಾ, ಒಂಬತ್ತಕ್ಕೆ ಶೈಲಜಾ. ಶನಿವಾರದ ಹನ್ನೆರಡು ಗಂಟೆಗೆ ಲೀಯಾ ಮಂದಿರದಲ್ಲಿರುತ್ತಿದ್ದಳು, ಅಂದು ಮಾನ್ಯಾಳೇ ಎರಡು ಸಲ. ಅವಳು ಮೊದಲ ವಾರದಲ್ಲೇ ಒಂದು ಸಲ ಮರೆತಳು. "ಇನ್ನು ನನಗ ನಾನ ನೆನಪು ಮಾಡ್ಕೋತೀನಿ, ನಿಮ್ಮನ್ನ ಕಾದ್ರ ಆಗೂದಿಲ್ಲ" ಎಂದು ಶಿವಬಸಮ್ಮನವರು ಅಲಾರಾಂ ಗಡಿಯಾರ ಕೇಳಿ ತರಿಸಿಕೊಂಡರು. ರಕ್ತದೊತ್ತಡಕ್ಕೆ ಅಳಿಯನಿಗೇ ಕೈ ಕೊಡಲಾರಂಭಿಸಿದರು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ 158ಕ್ಕೆ 90, ಡಿಸೆಂಬರ್ ಮೊದಲ ವಾರಕ್ಕೆ 146ಕ್ಕೆ 86.

ಲೀಯಾ ಹೈಮನ್ ಲೆವಿಟ್ ಅವರ ಮನೆಗೆ ಹೋದಳು. ಒಂದಲ್ಲ, ಮೂರು ಸಲ. ಮೊದಲ ಸಲ ಅವರು ಚಪ್ಪಲಿ ಅಂಗಡಿಯ ಕತೆ ಹೇಳಿದರು. ಎರಡನೆಯ ಸಲವೂ ಅದನ್ನೇ ಹೇಳಿದರು. ಆ ಕತೆ ಮಾನ್ಯಾಳ ಮೂಲಕ ಶಿವಬಸಮ್ಮನವರಿಗೂ ತಲುಪಿತು.

ಡಿಸೆಂಬರ್ 5, ಗುರುವಾರ, ಹನುಕ್ಕಾ ಹಬ್ಬದ ಮೊದಲ ಸಂಜೆ. ಅಂದು ಎಣ್ಣೆಯಲ್ಲಿ ಕರಿದ ಆಲೂಗಡ್ಡೆಯ ಬಿಲ್ಲೆ ತಿನ್ನುವುದು ಪದ್ಧತಿ. ಬಿಲ್ಲೆ ಒಡೆಯದಿರಲು ಮೊಟ್ಟೆ ಬೇಕು. ಈ ಮನೆಯಲ್ಲಿ ಮೊಟ್ಟೆಯಿಲ್ಲ. ಲೀಯಾ ಮೊದಲ ಎರಡನ್ನು ಬಾಣಲೆಗೆ ಬಿಟ್ಟಳು, ಎರಡೂ ಎಣ್ಣೆಯಲ್ಲಿ ಚೂರಾದವು.

"ಕಡ್ಲಿಹಿಟ್ಟು ಹಾಕು," ಎಂದು ಶಿವಬಸಮ್ಮನವರು ಡಬ್ಬಿ ಮುಂದೆ ತಳ್ಳಿದರು. "ಸರಿ ಅತ್ತಾಗ, ಒಲಿ ನನಗ ಬಿಡು."

ಕಡಲೆಹಿಟ್ಟು ಹಾಕಿದ ಮೇಲೆ ಬಿಲ್ಲೆ ಒಡೆಯದೆ ನಿಂತಿತು. ಅವರು ಅದಕ್ಕೆ ಜೀರಿಗೆಯನ್ನೂ ಹಸಿಮೆಣಸಿನಕಾಯಿಯನ್ನೂ ಕೇಳದೆ ಸೇರಿಸಿದರು. ಜಾಲರಿಯಿಂದ ಎತ್ತುತ್ತ, "ಆ ಚಪ್ಪಲಿ ಅಂಗಡಿ ಮುದುಕ ಏನಂದ?" ಎಂದು ಕೇಳಿದರು.

"ಇವತ್ತು ಕೇಳಿದರು," ಎಂದಳು ಲೀಯಾ. "ಹಂದಿಯ ಮಾತೇ ಅಲ್ಲ. ಅರಿವಳಿಕೆ ಕೊಟ್ಟ ಮೇಲೆ ಎಚ್ಚರವಾಗುತ್ತದೆಯೇ ಅಂತ. ಅವರ ಅಣ್ಣನಿಗೆ ಆಗಲಿಲ್ಲವಂತೆ."

ಮಾನ್ಯಾ ಪೂರ್ತಿ ಹೇಳಿದಳು.

"ನೀ ಏನಂದಿ?"

"ಗೊತ್ತಿಲ್ಲ ಅಂದೆ. ಕರೆದುಕೊಂಡು ಹೋಗುವಾಗ ಬಾಗಿಲವರೆಗೆ ಬರುತ್ತೇನೆ, ಹೊರಗೆ ಬರುವಾಗಲೂ ಅಲ್ಲೇ ಇರುತ್ತೇನೆ ಅಂದೆ."

"ಆಮ್ಯಾಲ?"

"ಡಿಸೆಂಬರ್ 17. ತಾರೀಖು ಕೊಟ್ಟರು. ಅವರ ಮಗಳು ಸಮಿತಿಯವರಿಗೂ ಹೇಳಿದ್ದಾಳಂತೆ."

"ಬಾಗಲದಾಗ ಕುಂದ್ರಾಕ ಏನರ ಉಣ್ಣಾಕ ಕಟ್ಟಿಕೊಂಡು ಹೋಗು. ದೊಡ್ಡ ಆಸ್ಪತ್ರ್ಯಾಗ ನಿನಗ ಏನೂ ಸಿಗೂದಿಲ್ಲ."

ಅಷ್ಟರಲ್ಲಿ ಅಲಾರಾಂ ಬಡಿಯಿತು. ಮಾನ್ಯಾ ಮಾತ್ರೆ ಕೊಟ್ಟಳು. ಮಹಾಂತಪ್ಪನವರು ಕ್ಲಿನಿಕ್ಕಿನಿಂದ ಬಂದು, ಕೈ ತೊಳೆಯದೆ ಒಂದು ಬಿಲ್ಲೆಗೆ ಕೈ ಹಾಕಿ ಬೈಸಿಕೊಂಡರು.

ಬಿಲ್ಲೆಗಳಿಂದ ಎಣ್ಣೆ ಜಿನುಗುತ್ತಿತ್ತು. ಹರಡಲು ಕಾಗದ ಹುಡುಕಿದ ಶೈಲಜಾ ಲೀಯಾಳ ಕಪಾಟಿನ ಕೆಳಗಿದ್ದ ಪತ್ರಿಕೆಯ ಪುಟ ಎಳೆದರು. ಅದು ಬಾಡಿಗೆ ಮನೆಗಳ ಪುಟ. ಒಂದು ಕ್ಷಣ ನೋಡಿದರು.

"ಇದು ನಿನಗೆ ಬೇಕಾ?" ಎಂದು ಲೀಯಾಳನ್ನು ಕೇಳಿದರು.

"ನಿಮಗೆ ಬಿಟ್ಟದ್ದು," ಎಂದಳು ಲೀಯಾ.

ಶೈಲಜಾ ಅದನ್ನು ತಟ್ಟೆಯ ಮೇಲೆ ಹಾಸಿ, ಬಿಸಿ ಬಿಲ್ಲೆಗಳನ್ನು ಸುರಿದರು. ಎಣ್ಣೆ ಹೀರಿ ಅಕ್ಷರಗಳೆಲ್ಲ ಕಪ್ಪಗೆ ಒಂದಾದವು.